ಅವ್ವನ ಕಡಗ ನೋಡುತ್ತಿದ್ದವರು

ವಿಮಾನದಲ್ಲಿ ಪಕ್ಕದ ಸಾಲಿನ ಹಿರಿಯರೊಬ್ಬರು ನನ್ನ ಅವ್ವನ ಕಾಲಿನ ಬೆಳ್ಳಿ ಕಡಗಗಳನ್ನೇ ದಿಟ್ಟಿಸುತ್ತಿದ್ದರು. ತಂಗಿಯ ಬಾಣಂತನಕ್ಕೆಂದು ಹುಮನಾಬಾದಿನಿಂದ ಹೊರಟ ನಾವಿಬ್ಬರು ಹೈದರಾಬಾದಿನಲ್ಲಿ ದುಬೈ ವಿಮಾನ ಹತ್ತಿದ್ದೆವು. ಅದು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮನುಷ್ಯ ಯಾಕೋ ಸರಿಯಿಲ್ಲ ಅನ್ನಿಸಿ, ಅವ್ವನ ಸೀರೆ ಎಳೆದು ಕಡಗ ಮುಚ್ಚಿದೆ. ಇಳಿಯಲು ಇನ್ನೂ ಒಂದು ತಾಸಿರುವಾಗ ಅವರು ಬಗ್ಗಿ ಹೇಳಿಯೇಬಿಟ್ಟರು:

“ತಂಗೀ, ಅವ್ವಾರ ಕಡಗ ತಗೀರಿ.”

“ಯಾಕ್ರಿ? ನಿಮಗ್ಯಾಕ ಬೇಕು ಅದು?” ನನ್ನ ದನಿ ಏರಿತು.

“ಕಾಲು ಬಾತಾವರಿ. ಇನ್ನಷ್ಟು ಬಾತ್ರ ಕಡಗ ಕತ್ತರಿಸಬೇಕಾಗ್ತದ. ನಾ ಬೆಳ್ಳಿ ಕೆಲಸ ಮಾಡಾಂವ.”

ಸೀರೆ ಸರಿಸಿ ನೋಡಿದರೆ ಕಡಗಗಳು ಚರ್ಮದೊಳಗೆ ಹೂತುಹೋಗಿ, ಬೆರಳುಗಳು ಕಪ್ಪಿಟ್ಟಿದ್ದವು. ನನಗೆ ಹೇಳದೆ ನೋವು ನುಂಗಿ ಕುಳಿತಿದ್ದ ಅವ್ವನ ಕಣ್ಣಲ್ಲಿ ನೀರಿತ್ತು. ಆ ಹಿರಿಯರು ನೆಲಕ್ಕೆ ಕುಳಿತು, ಬಾವಿನಲ್ಲಿ ಅಡಗಿದ್ದ ತಿರುಪನ್ನು ಬೆರಳಿನಿಂದಲೇ ಹುಡುಕಿ ಸಡಿಲಿಸಿ, ಎರಡೂ ಕಡಗಗಳನ್ನು ನನ್ನ ಕೈಗಿಟ್ಟರು. ಅವ್ವನಿಗೆ ನೀರು ಕುಡಿಸಿ, ನಾಲ್ಕು ಹೆಜ್ಜೆ ನಡೆಸಲು ಹೇಳಿದರು. ಆಮೇಲೆ, “ನಮ್ದು ಬಸವಕಲ್ಯಾಣರಿ. ನಿಮ್ದು?” ಎಂದು ಕೇಳಿದರು. ಆಗಲೂ ಅನುಮಾನ ಬಿಡದೆ, “ಗುಲ್ಬರ್ಗಾ” ಎಂದುಬಿಟ್ಟೆ.

ಅವ್ವನ ಕಾಲು ಉಳಿಸಿದ ಪಕ್ಕದೂರಿನವರಿಗೆ ನಾನು ನಮ್ಮ ಊರಿನ ಹೆಸರನ್ನೂ ನಿಜ ಹೇಳಲಿಲ್ಲ. ಬಸವಕಲ್ಯಾಣದಲ್ಲಿ ಬಸ್ಸು ನಿಂತಾಗಲೆಲ್ಲ ಇಂದಿಗೂ ಕಿಟಕಿಯಾಚೆ ಅವರ ಮುಖ ಹುಡುಕುತ್ತೇನೆ.