ಮುಚ್ಚಿದ ಬಾಗಿಲುಗಳ ಪರವಾಗಿ ಒಬ್ಬ ಜಗಳಗಂಟಿ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಸಗಟು ಮಾರುಕಟ್ಟೆಯ ತಗಡಿನ ಚಾವಣಿಯಡಿ ಆಗಲೇ ಜಗಳ ಶುರುವಾಗಿದೆ. ಟೊಮೆಟೊ ಕ್ರೇಟಿನ ಮೇಲಿನ ಸಾಲನ್ನು ಸರಿಸಿ, ಮೊಣಕೈವರೆಗೆ ಕೈ ಇಳಿಬಿಟ್ಟು, ತಳದಿಂದ ಒಂದು ಹಣ್ಣನ್ನು ಹೊರಗೆಳೆದಿದ್ದಾಳೆ ಆಕೆ. ಹೆಬ್ಬೆರಳು ತಾಗಿದ ಕಡೆ ಸಿಪ್ಪೆ ಬಿರಿದು ರಸ ಮಣಿಕಟ್ಟಿನವರೆಗೆ ಇಳಿಯುತ್ತಿದೆ. ಅದನ್ನು ವ್ಯಾಪಾರಿಯ ಮೂಗಿನ ನೇರಕ್ಕೆ ಹಿಡಿಯುತ್ತಾಳೆ.

"ಏನಿದು?"

"ಟೊಮೆಟೊ," ಎನ್ನುತ್ತಾನೆ ವ್ಯಾಪಾರಿ.

"ನಿಮ್ಮನೆಗೆ ಒಯ್ತೀರಾ ಇದನ್ನ?"

"ಒಂದೋ ಎರಡೋ ಮೆತ್ತಗಿರುತ್ತೆ ತಾಯಿ. ಎಲ್ಲರೂ ಬಾಯಿ ಮುಚ್ಕೊಂಡು ತಗೊಂಡು ಹೋಗ್ತಾರೆ. ದಿನಾ ಬೆಳಗಾದ್ರೆ ನಿಂದೊಂದೇ ರಗಳೆ."

"ಎಲ್ಲರೂ ತಮ್ಮ ಕಣ್ಣಲ್ಲಿ ನೋಡಿ ಒಯ್ತಾರೆ. ನಾನು ಒಯ್ಯೋದು ಮನೆಯಿಂದ ಆಚೆ ಕಾಲಿಡೋಕಾಗದೋರಿಗೆ. ಸುರೀರಿ ಕೆಳಗೆ, ಆರಿಸ್ಕೋತೀನಿ."

ವ್ಯಾಪಾರಿ ಗೊಣಗುತ್ತ ಕ್ರೇಟು ಮಗುಚುತ್ತಾನೆ. ಆಕೆ ಗೋಣಿಚೀಲದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡುತ್ತಾಳೆ. ಹಿಂದೆ ನಿಂತವರು ತಲೆ ಚಚ್ಚಿಕೊಳ್ಳುತ್ತಾರೆ. ಇಡೀ ಮಾರುಕಟ್ಟೆಯಲ್ಲಿ ಆಕೆಗಿರುವ ಹೆಸರು ಜಗಳಗಂಟಿ. ಅದು ಆಕೆಗೂ ಗೊತ್ತು. "ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಇದೇ ನಂಗೆ ಚೆನ್ನಾಗಿ ಹೊಂದುತ್ತೆ ಬಿಡಿ," ಎನ್ನುತ್ತಾಳೆ.

ಆಕೆಯ ಕಸುಬು ಇಷ್ಟೇ. ಅಂಟುಜ್ವರ ಬಂದವರು ವೈದ್ಯರು ಬಿಡುಗಡೆ ಕೊಡುವವರೆಗೆ ಮನೆ ಬಿಟ್ಟು ಹೊರಬರುವ ಹಾಗಿಲ್ಲ. ಬಾಗಿಲಿಗೆ ನಗರಸಭೆಯವರು ಹಳದಿ ಕಾಗದ ಅಂಟಿಸಿ ಹೋಗುತ್ತಾರೆ. ಅಂಟಿಸಿದವರು ಒಳಗಿನವರು ಏನು ತಿನ್ನಬೇಕೆಂದು ಕೇಳುವುದಿಲ್ಲ. ಕೈಯಲ್ಲಿ ಧಾರಾಳ ಕಾಸು ಓಡಾಡುವವರು ಫೋನಿನ ಮೇಲೆ ಬೆರಳಾಡಿಸಿದರೆ ಡಬ್ಬಗಟ್ಟಲೆ ದಿನಸಿ ಬಂದು ಬೀಳುತ್ತದೆ. ಆದರೆ ಕಾಲು ಲೀಟರ್ ಎಣ್ಣೆ, ನಾಲ್ಕು ಮೊಟ್ಟೆ, ಒಂದು ಹಿಡಿ ಮೆಣಸಿನಕಾಯಿ ಬೇಕೆನ್ನುವವರ ಮನೆಗೆ ಯಾವ ಗಾಡಿಯೂ ಬರುವುದಿಲ್ಲ. ಅಂಥ ಮನೆಗಳಿಗೆ ಸೈಕಲ್ಲಿನ ಎರಡೂ ಕಡೆ ಚೀಲ ನೇತುಹಾಕಿಕೊಂಡು ಬರುವವಳು ಈಕೆ. ಒಂದು ಬೆಳಗ್ಗೆ ಹತ್ತು ಹನ್ನೆರಡು ಮನೆ ಮುಗಿಸುತ್ತಾಳೆ. ಪ್ರತಿ ಮನೆಗೂ ಸಣ್ಣದೊಂದು ಕೂಲಿ. ಅದನ್ನು ಹೇಳಲು ಆಕೆಗೆ ಸಂಕೋಚವಿಲ್ಲ.

"ಕೆಲವರು, ದೇವರ ಹಾಗೆ ಬಂದ್ರಿ ಅಂತಾರೆ. ಮೈ ಉರಿಯುತ್ತೆ ನಂಗೆ. ಈರುಳ್ಳಿ ತರೋಕೆ ದೇವರು ಯಾಕ್ರೀ ಬೇಕು? ಅಂಗಡಿಯೋರು ನೆಟ್ಟಗಿದ್ದಿದ್ರೆ ಸಾಕಿತ್ತು."

ಆ ಉರಿಯ ಹಿಂದೆ ಒಂದು ಕತೆಯಿದೆ. ಎರಡು ವರ್ಷದ ಹಿಂದೆ ಆಕೆ ಊರಿನ ದೊಡ್ಡ ದಿನಸಿ ಮಳಿಗೆಯೊಂದರಲ್ಲಿ ಬಿಲ್ ಹಾಕುವ ಕೆಲಸದಲ್ಲಿದ್ದಳು. ಗಂಡ ಗೋಡೆಗೆ ಬಣ್ಣ ಬಳಿಯುವವನು. ಮೊದಲು ಅವನಿಗೆ ಜ್ವರ ಬಂತು, ಆಮೇಲೆ ಅತ್ತೆಗೆ. ಬಾಗಿಲಿಗೆ ಕಾಗದ ಬಿತ್ತು. ಗಂಡನದು ದಿನಗೂಲಿ, ಅದು ಅಂದೇ ನಿಂತಿತು. ಮಳಿಗೆಯವರು, ಬಾರದ ದಿನಕ್ಕೆ ಸಂಬಳವಿಲ್ಲ ಎಂದರು. ಒಂದೇ ಕೋಣೆಯ ಮನೆ. ಪರದೆ ಕಟ್ಟಿ ಆಚೆಗೆ ಇಬ್ಬರು ರೋಗಿಗಳು, ಈಚೆಗೆ ಒಲೆ ಮತ್ತು ಈಕೆ.

ಡಬ್ಬ ಖಾಲಿಯಾದಾಗ ಆಕೆ ತಾನು ದುಡಿಯುವ ಮಳಿಗೆಗೇ ಫೋನ್ ಮಾಡಿದಳು. ಇಷ್ಟಕ್ಕಿಂತ ಕಡಿಮೆಯ ಸಾಮಾನಾದರೆ ಮನೆಗೆ ಕಳಿಸುವುದಿಲ್ಲವೆಂದರು. ಆ ಗೆರೆ ಮುಟ್ಟಿಸಲು ಬೇಡದ್ದನ್ನೂ ಸೇರಿಸಿ, ಅಡುಗೆಮನೆಗೆಂದು ಎತ್ತಿಟ್ಟಿದ್ದ ದುಡ್ಡನ್ನೆಲ್ಲ ಒಂದೇ ಏಟಿಗೆ ಸುರಿದಳು. ಬಂದ ಚೀಲ ಬಿಚ್ಚಿದರೆ ಬ್ರೆಡ್ಡಿನ ಅಂಚಿಗೆ ಬೂಷ್ಟು. ಹಾಲಿನ ಪೊಟ್ಟಣದ ಅವಧಿ ಅಂದಿಗೇ ಮುಗಿಯುತ್ತಿತ್ತು. ಕೇಳಿದ ಅಕ್ಕಿ ಇಲ್ಲವೆಂದು ದುಬಾರಿ ಅಕ್ಕಿಯನ್ನು ತುರುಕಿ ಅದರದೇ ಬೆಲೆ ಮುರಿದುಕೊಂಡಿದ್ದರು. ಆಲೂಗಡ್ಡೆಯಂತೂ ಮುಟ್ಟಿದರೆ ಕೈಗೆ ಅಂಟುತ್ತಿತ್ತು.

ಮತ್ತೆ ಫೋನ್ ಮಾಡಿದಳು. ಉತ್ತರ ಬಂತು: "ಕಾಯಿಲೆ ಮನೆ ಬಾಗಿಲಿಗೆ ಹೋದ ಮಾಲು ವಾಪಸ್ ತಗೊಳಲ್ಲ ಮೇಡಂ. ನಮಗೆ ಬೇರೆ ಗಿರಾಕಿಗಳ ಆರೋಗ್ಯ ಮುಖ್ಯ."

"ಅತ್ತೆ ಜ್ವರದಲ್ಲೇ ಎದ್ದು ಕೂತು, ಚಾಕು ತಗೊಂಡು ಕೆಟ್ಟದ್ದನ್ನೆಲ್ಲ ಕೆತ್ತಿದ್ರು," ಎಂದು ನೆನಪಿಸಿಕೊಳ್ಳುತ್ತಾಳೆ ಆಕೆ. "ಕೊನೆಗೆ ಉಳಿದಿದ್ದು ಒಂದು ಬೊಗಸೆಗೂ ಕಡಿಮೆ. ನಂಗೆ ಹಸಿವಿಲ್ಲ, ನೀವಿಬ್ಬರೂ ತಿನ್ನಿ ಅಂದ್ರು ಅತ್ತೆ. ಇವರೂ ಹಾಗೇ ಅಂದ್ರು. ನಾನೂ ಅಂದೆ. ಮೂರು ಜನರಿಗೂ ಹಸಿವಿಲ್ಲ, ನೋಡಿ! ಆ ತಟ್ಟೆ ಮಧ್ಯದಲ್ಲಿ ಹಾಗೇ ಆರ್ತಾ ಇತ್ತು. ಅಳು ಬರಲಿಲ್ಲ ನಂಗೆ. ಯಾರನ್ನಾದ್ರೂ ಹಿಡಿದು ಬಾರಿಸೋಣ ಅನ್ನಿಸ್ತು."

ಮನೆಯವರು ಗುಣವಾದ ಮೇಲೆ ಕೆಲಸಕ್ಕೆ ಮರಳಿದವಳು ನೇರವಾಗಿ ಹಿಂದಿನ ಗೋದಾಮಿಗೆ ಹೋದಳು. ಚೀಲ ತುಂಬುವ ಹುಡುಗಿಯರು ತಲೆ ತಗ್ಗಿಸಿ ನಿಜ ಹೇಳಿದರು. ಅಂಗಡಿಗೆ ಬಂದವರಿಗೆ ಮುಂದಿನ ಸಾಲಿನ ಮಾಲು, ಮನೆಗೆ ಹೋಗುವ ಚೀಲಕ್ಕೆ ಹಿಂದಿನ ಸಾಲಿನದು. ಅದು ಮ್ಯಾನೇಜರನ ಅಪ್ಪಣೆ. ಆಕೆ ಅವನನ್ನೇ ಕೇಳಿದಳು. ಅವನು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, "ಅವರೇನು ಬಂದು ಕೇಳ್ತಾರಾ?" ಎಂದ.

ಈ ಮಾತು ಹೇಳುವಾಗ ಇಂದಿಗೂ ಆಕೆಯ ಕತ್ತಿನ ನರ ಉಬ್ಬುತ್ತದೆ.

ಗೋದಾಮಿನಿಂದ ಕೊಳೆತ ಈರುಳ್ಳಿಯ ಕ್ರೇಟೊಂದನ್ನು ಎತ್ತಿಕೊಂಡು ಬಂದು, ಸಂಜೆಯ ನೂಕುನುಗ್ಗಲಲ್ಲಿ, ಬಿಲ್ಲಿನ ಮೇಜಿನ ಮೇಲೆ ದಬಕ್ಕೆಂದು ಸುರಿದಳು. ಕಪ್ಪು ನೀರು ಹರಿದು ನೆಲ ಮುಟ್ಟಿತು. "ಯಾರಿಗೆ ಬೇಕು ಹೇಳಿ, ಒಳ್ಳೇದಕ್ಕೂ ಇದಕ್ಕೂ ಒಂದೇ ರೇಟು!" ಎಂದು ಕೂಗಿದಳು. ಎಲ್ಲರೂ ಮೂಗು ಮುಚ್ಚಿಕೊಂಡರು. "ನಿಮಗೆ ಬೇಡ ಅಲ್ವಾ? ಇದು ನಾಳೆ ಬೆಳಗ್ಗೆ ಹಾಸಿಗೆ ಹಿಡಿದೋರ ಮನೆಗೆ ಹೋಗುತ್ತೆ. ಅವರ ದುಡ್ಡಿಗೆ ವಾಸನೆ ಇದೆಯಾ?"

ಒಬ್ಬರಾದರೂ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಹೊರನಡೆಯಬಹುದೆಂದು ಆಕೆ ಕಾದಳು. ಯಾರೂ ಬುಟ್ಟಿ ಕೆಳಗಿಡಲಿಲ್ಲ. ಹರಿದ ನೀರು ಚಪ್ಪಲಿಗೆ ತಾಗದಂತೆ ದಾಟಿಕೊಂಡು ಪಕ್ಕದ ಮೇಜಿನ ಸಾಲಿಗೆ ಹೋಗಿ ನಿಂತರು. ಹಿರಿಯರೊಬ್ಬರು ಮಾತ್ರ ಬಾಯಿ ಬಿಟ್ಟರು, "ಸ್ವಲ್ಪ ಮೆತ್ತಗೆ ಮಾತಾಡಮ್ಮ, ಹೆಣ್ಣುಮಗಳು."

ಮ್ಯಾನೇಜರ್ ಅಂದೇ ಗೇಟು ತೋರಿಸಿದ.

ಅವನಿಗಿಂತ ಆ ಸಾಲಿನಲ್ಲಿ ನಿಂತವರ ಮೇಲೆ ಆಕೆಗೆ ಹೆಚ್ಚು ಸಿಟ್ಟು. "ಅವನು ಕಳ್ಳ, ಕಳ್ಳತನ ಮಾಡ್ದ. ಇವರಿಗೇನಾಗಿತ್ತು? ನಾಳೆ ಇವರ ಬಾಗಿಲಿಗೂ ಕಾಗದ ಬೀಳಲ್ವಾ?"

ಕೆಲಸ ಹೋದ ವಾರವೇ ಗಂಡನ ಸೈಕಲ್ಲಿನ ಹಿಂಬದಿಯ ಬಣ್ಣದ ಡಬ್ಬಗಳನ್ನು ಇಳಿಸಿ ಚೀಲ ಕಟ್ಟಿದಳು. "ಊರ ಉಸಾಬರಿ ನಿಂಗ್ಯಾಕೆ ಮಾರಾಯ್ತಿ?" ಎಂದು ಗಂಡ ರೇಗಿದ. ಅತ್ತೆಯೇ ಸೊಸೆಯ ಪರ ನಿಂತರು. "ಹೋಗಲಿ ಬಿಡೋ. ಮನೇಲಿ ಕೂತ್ರೆ ಆ ಜಗಳವೆಲ್ಲ ನಮ್ಮ ತಲೆ ಮೇಲೇ ಬೀಳುತ್ತೆ." ಈಗ ದೊಡ್ಡ ಡಬ್ಬದ ಎಣ್ಣೆಯನ್ನು ಸಣ್ಣ ಸೀಸೆಗಳಿಗೆ ಹನಿ ಚೆಲ್ಲದಂತೆ ತುಂಬಿಸಿಡುವುದು ಅತ್ತೆಯದೇ ಕೆಲಸ. ಗಂಡ ಕೆಲಸಕ್ಕೆ ನಡೆದು ಹೋಗುತ್ತಾನೆ, ಗೊಣಗುತ್ತಲೇ.

ಹೋದ ತಿಂಗಳು ಆ ಮ್ಯಾನೇಜರ್ ಮನೆ ಹುಡುಕಿಕೊಂಡು ಬಂದಿದ್ದ. ಬಡಾವಣೆಯಲ್ಲಿ ಈಕೆಯ ಹೆಸರು ಓಡಾಡುತ್ತಿರುವುದು ಮಳಿಗೆಯವರ ಕಿವಿಗೂ ಬಿದ್ದಿದೆ. ವಾಪಸ್ ಬನ್ನಿ, ಮನೆ ಆರ್ಡರುಗಳ ಮುಖ್ಯಸ್ಥೆ ಮಾಡುತ್ತೇವೆ, ಬಾಗಿಲಲ್ಲಿ ನಿಮ್ಮ ದೊಡ್ಡ ಫೋಟೋ ಹಾಕುತ್ತೇವೆ ಎಂದ.

"ನನ್ನ ಫೋಟೋ ಬೇಡ," ಎಂದಳಂತೆ. "ನೀವು ಮನೆಗೆ ಕಳಿಸೋ ಈರುಳ್ಳಿ ಫೋಟೋ ಹಾಕಿ."

ಸುಮ್ಮನೆ ಓಡಿಸಲಿಲ್ಲ, ಷರತ್ತನ್ನೂ ಹೇಳಿದಳು. ಸಣ್ಣ ಆರ್ಡರನ್ನೂ ಕಳಿಸಬೇಕು, ಕೆಟ್ಟದ್ದನ್ನು ಬಾಗಿಲಲ್ಲೇ ವಾಪಸ್ ಪಡೆಯಬೇಕು. ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಹೋದವನು ಈವರೆಗೆ ಪತ್ತೆಯಿಲ್ಲ.

ಬಿಸಿಲು ಏರುವ ಹೊತ್ತಿಗೆ ಸೈಕಲ್ಲು ಮೂರು ಮಹಡಿಯ ಹಳೆಯ ಕಟ್ಟಡವೊಂದರ ಅಂಗಳಕ್ಕೆ ಬರುತ್ತದೆ. ಮೊದಲ ಮಹಡಿಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯ ಹೊಲಿಗೆಯವಳೊಬ್ಬಳು ಇಬ್ಬರು ಮಕ್ಕಳೊಂದಿಗೆ ಒಳಗಿದ್ದಾಳೆ. ಮೂವರಿಗೂ ಜ್ವರ. ಕಾರ್ಖಾನೆಯವರು ಆಕೆಯ ಮೆಷಿನ್ನಿಗೆ ಆಗಲೇ ಬೇರೊಬ್ಬಳನ್ನು ಕೂರಿಸಿದ್ದಾರೆ. ಪಕ್ಕದ ಮನೆಯವರು ಮೆಟ್ಟಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದಾರೆ. ಜಗಳಗಂಟಿ ಆ ಹಗ್ಗವನ್ನು ಕಂಡವಳೇ ಬಿಚ್ಚಿ ಎಸೆದು, ಅಂಗಳದ ನಡುವೆ ನಿಂತು ಕಿಟಕಿಯತ್ತ ಕೂಗುತ್ತಾಳೆ.

"ಬಾರಮ್ಮ ಕಿಟಕಿಗೆ! ಆರಿಸ್ಕೋ."

ಕಿಟಕಿಯ ಹಿಂದೆ ಬಾಡಿದ ಮುಖವೊಂದು ಮೂಡುತ್ತದೆ. "ಏನಿದ್ರೂ ಪರವಾಗಿಲ್ಲ ಅಕ್ಕ. ನೀವು ಕೊಟ್ಟಿದ್ದು ಕೊಡಿ."

"ಪರವಾಗಿಲ್ಲ ಅನ್ಬೇಡ! ಹಾಗಂತಾರೆ ಅಂತಾನೇ ಅವರೆಲ್ಲ ಕೊಳೆತದ್ದು ಕಳಿಸೋದು. ನಿನ್ನ ದುಡ್ಡು, ನಿನ್ನ ಮಕ್ಕಳ ಹೊಟ್ಟೆ. ಕಣ್ಣು ಬಿಟ್ಟು ನೋಡು."

ಎರಡು ಕೈಯಲ್ಲಿ ಎರಡು ಎಲೆಕೋಸು ಎತ್ತಿ ಹಿಡಿಯುತ್ತಾಳೆ. ಮೇಲಿನಿಂದ ಸಣ್ಣ ದನಿ, "ಎಡಗಡೇದು." ಟೊಮೆಟೊ ಒಂದೊಂದೇ ಎತ್ತುತ್ತಾಳೆ. ಒಂದಕ್ಕೆ ಹೂಂ ಎಂದು ತಲೆ ಅಲ್ಲಾಡುತ್ತದೆ, ಇನ್ನೊಂದಕ್ಕೆ ಅಲ್ಲಾಡುವುದಿಲ್ಲ. ಚಿಕ್ಕ ಮಗಳು ಅಮ್ಮನ ಕಂಕುಳಡಿಯಿಂದ ಇಣುಕಿ ಕ್ಯಾರೆಟ್ಟಿಗೆ ಬೆರಳು ತೋರಿಸುತ್ತಾಳೆ. ಬರಬರುತ್ತ ಹೊಲಿಗೆಯವಳ ಬೆನ್ನು ನೆಟ್ಟಗಾಗುತ್ತದೆ. ಆಲೂಗಡ್ಡೆಯ ಸರದಿ ಬಂದಾಗ ಆಕೆ ಕಂಬಿಗೆ ಹಣೆ ಒತ್ತಿ ದಿಟ್ಟಿಸುತ್ತಾಳೆ.

"ಅದು ಬೇಡ ಅಕ್ಕ. ಒಂದು ಕಡೆ ಹಸಿರಾಗಿದೆ. ಬೇರೆ ಕೊಡಿ."

ಜಗಳಗಂಟಿ ಆಲೂಗಡ್ಡೆ ತಿರುಗಿಸಿ ನೋಡುತ್ತಾಳೆ. ಹೌದು, ಹಸಿರಾಗಿದೆ. ಮಾರುಕಟ್ಟೆಯಲ್ಲಿ ಕಣ್ತಪ್ಪಿದೆ. ಬೆಳಗಿನಿಂದ ಗಂಟಿಕ್ಕಿಕೊಂಡಿದ್ದ ಆ ಮುಖ ಮೊದಲ ಬಾರಿಗೆ ಸಡಿಲವಾಗುತ್ತದೆ. ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಎತ್ತಿ ಹಿಡಿಯುತ್ತಾಳೆ. ಚೀಲವನ್ನು ಮೇಲೆ ಒಯ್ದು ಬಾಗಿಲ ಮುಂದಿನ ಕುರ್ಚಿಯ ಮೇಲಿಟ್ಟು, ಗಂಟೆ ಒತ್ತಿ, ನಾಲ್ಕಾರು ಮೆಟ್ಟಿಲಿಳಿದು ದೂರ ನಿಲ್ಲುತ್ತಾಳೆ. ಒಳಗಿನಿಂದ ಚಾಚಿದ ಕೈ ಚೀಲವನ್ನು ಎಳೆದುಕೊಳ್ಳುವವರೆಗೆ ಕದಲುವುದಿಲ್ಲ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ಸೈಕಲ್ಲಿನ ಸ್ಟ್ಯಾಂಡ್ ಒದ್ದು ಎತ್ತುತ್ತ ನಗುತ್ತಾಳೆ.

"ಮೊದಲನೇ ದಿನ ಬಾಗಿಲ ಹಿಂದೆ ಬರೀ ಅಳ್ತಾ ಇದ್ಲು ಇವಳು. ಇವತ್ತು ನನ್ನನ್ನೇ ಹಿಡಿದು ಕೇಳಿದ್ಲು, ನೋಡಿದ್ರಲ್ಲ? ಹುಷಾರಾಗಿ ಆಚೆ ಬರಲಿ, ಆ ಕಾರ್ಖಾನೆಯೋರಿಗೂ ಇದೆ."