‘ಬೇಡ’ವನ್ನೇ ನುಂಗಿದ ಆಪ್

ಹೋದ ತಿಂಗಳು ಹಲಗೂರು ಬಸ್‌ಸ್ಟಾಪಿನಲ್ಲಿ ಜಯಮ್ಮ ತಲೆಸುತ್ತಿ ಬಿದ್ದರು. ಕಾರಣ ನಮ್ಮ ಸಾಫ್ಟ್‌ವೇರ್!

ಜಯಮ್ಮನಿಗೆ ಕಣ್ಣು ಕಾಣುವುದಿಲ್ಲ. ಮೊಬೈಲಿಗೆ ಬರುವ ಕನ್ನಡ ಮೆಸೇಜುಗಳನ್ನು ಗಟ್ಟಿಯಾಗಿ ಓದಿ ಹೇಳುವ ಆಪ್ ಒಂದನ್ನು ನಾವು ಕೆಲವರು ಸೇರಿ ಮಾಡಿದ್ದೇವೆ. ಓಪನ್ ಸೋರ್ಸ್. ಅಂದರೆ ಯಾರು ಬೇಕಾದರೂ ಅದರ ಕೋಡ್ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಹೊಸ ಆವೃತ್ತಿ ಹೊರಬರುವ ಮುಂಚೆ ಟೆಸ್ಟ್ ಮಾಡಿಸುವುದು, ಆಮೇಲೆ ಪ್ಯಾಕ್ ಮಾಡಿಸುವುದು ನನ್ನ ಕೆಲಸ. ಪ್ಯಾಕ್ ಮಾಡುವವನು ಮದ್ದೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಇಮ್ರಾನ್. ಎಂಥ ಡಬ್ಬಾ ಫೋನಿನಲ್ಲೂ ಕೂರುವ ಹಾಗೆ ಆಪನ್ನು ಕಟ್ಟಿಕೊಡುತ್ತಾನೆ.

ಹೊಸ ಆವೃತ್ತಿಯನ್ನು ಟೆಸ್ಟ್ ಮಾಡುತ್ತಿದ್ದ ಜಯಮ್ಮನಿಗೆ ರಕ್ತ ಪರೀಕ್ಷೆಯ ಲ್ಯಾಬಿನಿಂದ ಮೆಸೇಜ್ ಬಂತು. ‘ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಶುಗರ್ ಮಾತ್ರೆ ತೆಗೆದುಕೊಳ್ಳುವುದು ಬೇಡ’ ಅಂತ. ಮೆಸೇಜಿನ ಕೊನೆಗೆ ಫುಲ್‌ಸ್ಟಾಪ್ ಇರಲಿಲ್ಲ. ಫುಲ್‌ಸ್ಟಾಪ್ ಇಲ್ಲದಿದ್ದರೆ ನಮ್ಮ ಆಪ್ ಕೊನೆಯ ಪದವನ್ನೇ ತಿಂದುಹಾಕುತ್ತಿತ್ತು. ಕನ್ನಡದಲ್ಲಿ ಬೇಡ, ಇಲ್ಲ, ಕೂಡದು ಎಲ್ಲ ಕುಳಿತಿರುವುದೇ ಕೊನೆಯಲ್ಲಿ! ‘ಮಾತ್ರೆ ತೆಗೆದುಕೊಳ್ಳುವುದು’ ಎಂದಷ್ಟೇ ಕೇಳಿಸಿಕೊಂಡ ಜಯಮ್ಮ ಮಾರನೆಯ ದಿನ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ಹೊರಟರು. ಬಸ್‌ಸ್ಟಾಪಿನ ಹೂವಿನವಳು ಬಾಯಿಗೆ ಸಕ್ಕರೆ ಹಾಕಿದ್ದಕ್ಕೆ ಉಳಿದರು.

ನೋಡಲು ಹೋದೆ. “ಅಲ್ಲ ಕಣವ್ವ, ನಿಮ್ ಆಪು ಬ್ಯಾಡ ಅನ್ನೋದ್ನೇ ನುಂಗ್ಬುಡ್ತಲ್ಲ! ನಾನು ಓಗ್ಬುಟ್ಟಿದ್ರೆ ಇದ್ನ ಯಾರು ಏಳೋರು?” ಎಂದರು.

ಉಳಿದ ಟೆಸ್ಟರ್‌ಗಳೆಲ್ಲ ‘ಸೂಪರ್ ಮೇಡಂ, ಓಕೆ’ ಎಂದು ಕಳಿಸಿದ್ದರು. ಅವರಲ್ಲೊಬ್ಬ ಮಳವಳ್ಳಿಯವನು. ಅವನಿಗೆ ಫೋನ್ ಹಚ್ಚಿದೆ. “ಕಿವಿಯಲ್ಲಿ ಕೇಳಿದ್ಯೇನಪ್ಪ?”

“ಆಫೀಸ್ನಲ್ಲಿದ್ದೆ ಮೇಡಂ, ಸೌಂಡ್ ಆಫ್ ಮಾಡ್ಕೊಂಡಿದ್ದೆ. ಸ್ಕ್ರೀನ್ ಮ್ಯಾಲೆ ಎಲ್ಲಾ ಸರಿಯಾಗೇ ಕಾಣ್ತಿತ್ತು.”

(ಓದಿ ಹೇಳುವ ಆಪನ್ನು ಸೌಂಡ್ ಆಫ್ ಮಾಡಿ ಟೆಸ್ಟ್ ಮಾಡಿದ ಪುಣ್ಯಾತ್ಮ!)

ಅಷ್ಟರಲ್ಲಿ ಮಂಡ್ಯದ ಸಂಘವೊಂದು ಆಪಿನ ಬಿಡುಗಡೆ ಸಮಾರಂಭ ಇಟ್ಟುಕೊಂಡಿತ್ತು. ಮುಂದಕ್ಕೆ ಹಾಕಿ ಎಂದು ಅದರ ಅಧ್ಯಕ್ಷರನ್ನು ಫೋನಿನಲ್ಲಿ ಬೇಡಿಕೊಂಡೆ.

“ಕಾರ್ಡ್ ಎಲ್ಲಾ ಅಂಚ್ಬುಟ್ಟಿದೀವಿ ಮೇಡಂ. ಈಗ ಬುಡುಗಡೆ ಮಾಡ್ಬುಡಿ, ಆಮೇಕೆ ಸರಿ ಮಾಡ್ಕೊಂಡ್ರಾಯ್ತು. ಪುಕ್ಸಟ್ಟೆ ಕೊಡೋದ್ಕೆ ಇಷ್ಟೆಲ್ಲ ನೋಡ್ತಾರಾ?”

ಮೈಯೆಲ್ಲ ಉರಿದುಹೋಯಿತು. ಪುಕ್ಕಟೆ ಅಂದರೆ ಯಾರೋ ಬಿದ್ದು ಸತ್ತರೂ ನಡೆಯುತ್ತದೆ ಅಂತಲೇ? ಆಗುವುದಿಲ್ಲ ಎಂದು ಫೋನಿಟ್ಟೆ. ಮಹಾಶಯರು ನನ್ನನ್ನು ದಾಟಿ ನೇರ ಇಮ್ರಾನ್‌ಗೇ ಫೋನ್ ಮಾಡಿದರಂತೆ.

“ಜಯಮ್ಮೋರು ಊ ಅನ್ನೋಗಂಟ ಪ್ಯಾಕ್ ಮಾಡಾಕಿಲ್ಲ ಅಂದ್ಬುಟ್ಟೆ ಕಣಕ್ಕ. ಬೈದ್ರು. ಬೈಯ್ಲಿ ಬುಡು,” ಎಂದ ಇಮ್ರಾನ್.

ಸಮಾರಂಭ ನಿಂತಿತೇ? ಎಲ್ಲಿಯ ಮಾತು! ಅತಿಥಿಗಳು ಬಟನ್ ಒತ್ತಿದರು, ಪರದೆಯ ಮೇಲೆ ಆಪಿನ ಚಿತ್ರ ಬಂತು, ಚಪ್ಪಾಳೆ ಬಿತ್ತು. ಆಪ್ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲವಂತೆ.

ಕೋಡ್ ಬರೆಯುವ ಗೆಳತಿ ಆಮೇಲೆ ತಪ್ಪು ಹುಡುಕಿ ತಿದ್ದಿದಳು. ಇಮ್ರಾನ್ ಅದನ್ನು ಮೊದಲು ಜಯಮ್ಮನ ಫೋನಿಗೆ ಹಾಕಿದ. ಅವರು ಜಗಲಿಯಲ್ಲಿ ಕೂತು ಮೆಸೇಜಿನ ಮೇಲೆ ಮೆಸೇಜ್ ಓದಿಸಿದರು. ಪ್ರತಿ ಸಾಲಿನ ಕೊನೆಯಲ್ಲೂ ತಲೆ ಓರೆ ಮಾಡಿ ಕೇಳಿದರು. “ಆಂ, ಈಗ ಪೂರ್ತಿ ಏಳ್ತದೆ. ಕೊಡ್ರವ್ವ ಎಲ್ಲಾರ್ಗೂವೆ,” ಅಂದರು. ಹಾರ ತುರಾಯಿ ಇಲ್ಲದೆ ಆಪ್ ಹೊರಬಂತು.

ನಿನ್ನೆ ಅಧ್ಯಕ್ಷರು ಸಮಾರಂಭದ ಫೋಟೋ ಕಳಿಸಿದ್ದಾರೆ. ವೇದಿಕೆ ತುಂಬ ಜನ, ಒಬ್ಬೊಬ್ಬರಿಗೂ ಕಣ್ಣು ಚೆನ್ನಾಗಿಯೇ ಕಾಣುತ್ತದೆ.

ಅಲ್ಲ ಸ್ವಾಮಿ, ಅಷ್ಟು ಜನ ಸೇರಿ ಬಿಡುಗಡೆ ಮಾಡಿದ್ದಾದರೂ ಯಾರಿಗಾಗಿ?