ಕೊನೆಯ ಅಧ್ಯಾಯ ಅವನ ಹತ್ತಿರವೇ ಇದೆ

ವಾರಪತ್ರಿಕೆಯೊಂದು ಹನ್ನೆರಡು ಕಥೆಗಳ ಸಂಭಾವನೆಯನ್ನು ಸುಳಿವಣ್ಣನಿಗೆ ಇನ್ನೂ ಕೊಟ್ಟಿಲ್ಲ. ಕೊಡುತ್ತದೆ ಅಂತ ನನಗೂ ನಂಬಿಕೆಯಿಲ್ಲ, ಅವನಿಗಂತೂ ಮೊದಲೇ ಇಲ್ಲ. ಆದರೂ ಬಾಕಿ ಬಾಕಿಯೇ. ಹೇಳಿಯೇ ಶುರು ಮಾಡುತ್ತೇನೆ.

ಸುಳಿವಣ್ಣ ಅಂತ ಹೆಸರಿಟ್ಟವರು ನಾವೇ, ಪ್ರೆಸ್ಸಿನ ಕೆಲಸಗಾರರು. ಅವನು ಅಲ್ಲಿ ಪ್ರೂಫ್ ನೋಡುತ್ತಿದ್ದ, ನಾನು ಸಂಘ ಕಟ್ಟುತ್ತಿದ್ದೆ. ಮುಷ್ಕರದ ಕರಪತ್ರ ಬರೆಯೋ ಅಂದರೆ, ನಮ್ಮ ಓವರ್‌ಟೈಮ್ ದುಡ್ಡು ನುಂಗಿದವನು ಮಾಲೀಕನೇ ಅಂತ ಗೇಟಿನ ನಾಯಿಗೂ ಗೊತ್ತಿದ್ದರೂ ಇವನು ಮಾತ್ರ ಕೊನೆಯ ಸಾಲಿನ ತನಕ ಬಾಯಿ ಬಿಡುತ್ತಿರಲಿಲ್ಲ. ಜನ ನಿಂತಲ್ಲೇ ನಿಂತು ಓದಿ ಮುಗಿಸುತ್ತಿದ್ದರು. ಅಂಥ ಕರಪತ್ರ ಆಮೇಲೆ ನಾನು ನೋಡಿಲ್ಲ. ಮುಷ್ಕರ ಸೋತೆವು, ಅದು ಬೇರೆ ಮಾತು.

ಮೂರು ಪತ್ತೇದಾರಿ ಕಾದಂಬರಿ ಬರೆದ. ಹಾಗೂ ಹೀಗೂ ಖರ್ಚಾದವು. ನಾಲ್ಕನೆಯದು ಅಚ್ಚಾದಾಗ ಪ್ರಕಾಶಕ ಕಡ್ಡಿ ಮುರಿದಂತೆ ಹೇಳಿದ: ವರ್ಷದೊಳಗೆ ಮುನ್ನೂರು ಪ್ರತಿ ಹೋಗದಿದ್ದರೆ ಐದನೆಯದನ್ನು ತರಲೇಬೇಡ. ಐದನೆಯದು ಆಗಲೇ ಬರೆದು ಮುಗಿದಿತ್ತು. ಹನ್ನೊಂದು ವರ್ಷದ ಕೆಲಸ, ಹೆಂಡತಿಯ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಮಲಗಿತ್ತು.

ಜನಕ್ಕೆ ಹೆಸರು ಗೊತ್ತಾಗಲಿ, ವಾರಪತ್ರಿಕೆಗೆ ಸಣ್ಣಕಥೆ ಬರೆ ಅಂದವನೂ ಪ್ರಕಾಶಕನೇ. ಎಂಟುನೂರು ಪದ, ಕೊನೆಗೊಂದು ಸಾಲಿನಲ್ಲಿ ಕಾದಂಬರಿಯ ಹೆಸರು. ಹದಿನಾಲ್ಕು ಜನರ ನಡುವೆ ಕೊಲೆಗಾರನನ್ನು ಬಚ್ಚಿಟ್ಟು ರೂಢಿಯಾದವನಿಗೆ ಇಲ್ಲಿ ಮೂರೇ ಜನಕ್ಕೆ ಜಾಗ. "ಒಬ್ಬ ಸತ್ತಿರ್ತಾನೆ, ಒಬ್ಬ ಹುಡುಕ್ತಿರ್ತಾನೆ. ಉಳಿದವನು ಏನು ಮಾಡಿದ ಅಂತ ಬಿಡಿಸಿ ಹೇಳ್ಬೇಕಾ ಅಣ್ಣಾ?" ಅಂತ ನನ್ನೆದುರು ತಲೆ ಚಚ್ಚಿಕೊಂಡ. ಆರು ವಾರ ಬರೆದದ್ದನ್ನೆಲ್ಲ ಹರಿದು ಹಾಕಿದ. ಆಮೇಲೆ ದಾರಿ ಸಿಕ್ಕಿತು: ಎಲ್ಲರ ಕಣ್ಣೆದುರಿಗೇ ಇದ್ದೂ ಯಾರೂ ನೋಡದವರನ್ನು ಕಥೆಯೊಳಗೆ ಬಿಟ್ಟ. ಲಿಫ್ಟ್ ನಡೆಸುವವನು, ಕಿಟಕಿ ಒರೆಸುವವಳು, ಮೀಟರ್ ಓದಲು ಬಂದವನು. ಒಳ್ಳೆಯ ಕಥೆಗಳು. ಪತ್ರಿಕೆಯವರು ಜಾಗ ಸಾಲದಾಗಲೆಲ್ಲ ಕೊನೆಯ ಪ್ಯಾರಾ ಕತ್ತರಿಸಿ ಹಾಸಿಗೆಯ ಜಾಹೀರಾತು ಹಾಕಿದರು. ಕೊಂದವನೂ ಹೋದ, ಕಾದಂಬರಿಯ ಹೆಸರೂ ಹೋಯಿತು. ಕೇಳಲು ಹೋದರೆ ಉಪಸಂಪಾದಕ, ಓದುಗರೇ ಊಹಿಸಿಕೊಳ್ಳಲಿ ಬಿಡಿ ಅಂದನಂತೆ.

ಉಳಿದದ್ದು ನಾಲ್ಕನೆಯ ಪುಸ್ತಕಕ್ಕೆ ಲೈಬ್ರರಿಯ ಹಾಲಿನಲ್ಲಿ ಒಂದು ಸಭೆ. ಹಿಂದಿನ ಪುಸ್ತಕದ ಸಭೆಗೆ ಅತಿಥಿಯಾಗಿ ಬಂದ ನಿವೃತ್ತ ಪ್ರೊಫೆಸರು ಹಿಂಬದಿಯ ರಕ್ಷಾಪುಟವನ್ನಷ್ಟೇ ಓದಿಕೊಂಡು ಮುಕ್ಕಾಲು ಗಂಟೆ ಕೊರೆದಿದ್ದರು. ಆ ಗಾಯ ಇವನಿಗೆ ಆರಿರಲಿಲ್ಲ. ಈ ಸಲ ಅವರ ಮನೆಗೆ ಮೂರು ಸಲ ಅಲೆದು, ದಯವಿಟ್ಟು ಕೊನೆಯ ಪುಟದ ತನಕ ಓದಿಯೇ ಮಾತಾಡಿ ಅಂತ ಗೋಗರೆದ. ಅವರು ಓದಿದರು. ಓದಿದ್ದೇನೆ ಅಂತ ತೋರಿಸಲೂ ಬೇಕಲ್ಲ. ಮೈಕಿನ ಮುಂದೆ ನಿಂತು, ಕೊಂದದ್ದು ಸತ್ತವನ ತಂಗಿಯೇ ಎಂಬುದನ್ನು ಲೇಖಕರು ಎಷ್ಟು ಜಾಣತನದಿಂದ ಮುಚ್ಚಿಟ್ಟಿದ್ದಾರೆ ನೋಡಿ ಅಂದರು.

ಸಭೆ ಚಪ್ಪಾಳೆ ತಟ್ಟಿತು. ಸುಳಿವಣ್ಣ ವೇದಿಕೆಯ ಮೇಲೆ ನೀರಿನ ಲೋಟ ಹಿಡಿದು ಹಾಗೇ ಕೂತಿದ್ದ. ಬಾಗಿಲ ಬಳಿ ಅವನ ಮಗಳು ಪುಸ್ತಕ ಜೋಡಿಸಿಕೊಂಡು ನಿಂತಿದ್ದಳು. ಒಬ್ಬರು ಕೈಗೆತ್ತಿಕೊಂಡದ್ದನ್ನು ತಿರುಗಿ ಇಟ್ಟು, "ಗೊತ್ತಾಯ್ತಲ್ಲಮ್ಮ" ಅಂದರು, ಸಮಾಧಾನ ಹೇಳುವ ಹಾಗೆ. ಹೋದದ್ದು ಒಂಬತ್ತು ಪ್ರತಿ. ಅದರಲ್ಲಿ ಏಳು ನಮ್ಮ ಸಂಘದ ಹಳಬರೇ ಕೊಂಡದ್ದು. ನಾವು ಅವನ ಪುಸ್ತಕ ಕೊಳ್ಳುತ್ತೇವೆ, ಓದುವುದಿಲ್ಲ. ನಾಚಿಕೆಗೇಡು, ಆದರೆ ನಿಜ. ಮನೆಗೆ ಹೋಗುವಾಗ ಅವನ ಹೆಂಡತಿ ಇಷ್ಟೇ ಅಂದಳು: "ಆ ಮನುಷ್ಯ ಓದದೇ ಬಂದಿದ್ರೆ ಚೆನ್ನಾಗಿತ್ತು ಕಣ್ರೀ. ನೀವೇ ಬೆನ್ನು ಹತ್ತಿ ಓದಿಸಿದ್ರಿ."

ವರ್ಷ ಮುಗಿದಾಗ ಮಾರಾಟ ನೂರನ್ನೂ ಮುಟ್ಟಿರಲಿಲ್ಲ. ಪ್ರಕಾಶಕ ಆಡಿದಂತೆ ನಡೆದುಕೊಂಡ, ಉಳಿದ ಪ್ರತಿಗಳನ್ನು ತೂಕಕ್ಕೆ ಹಾಕಿದ. ಸುಳಿವಣ್ಣ ಐದನೆಯದರ ಹಸ್ತಪ್ರತಿ ತಂದು ನನ್ನ ಮನೆಯಲ್ಲಿಟ್ಟ. ಡ್ರಾಯರಿನಲ್ಲಿ ದಾರದುಂಡೆಗಳಿಗೆ ಜಾಗ ಬೇಕಂತೆ. ಕೊನೆಯ ಅಧ್ಯಾಯವನ್ನು ಮಾತ್ರ ಕಿತ್ತು ತನ್ನ ಹತ್ತಿರ ಇಟ್ಟುಕೊಂಡ. "ಯಾರಾದ್ರೂ ಓದಿ, ತಡೆಯೋಕಾಗದೆ ಬಂದು ಕೇಳಿದ್ರೆ ಕೊಡ್ತೀನಿ" ಅಂದ.

ಮೊದಲ ಸಲ ಅವನ ಕಾದಂಬರಿಯೊಂದನ್ನು ಓದಿದೆ. ಒಂಬತ್ತು ದಿನ. ಸೊಸೆ ಊಟಕ್ಕೆ ಕರೆದರೂ ಏಳಲಿಲ್ಲ. ಹೋಗಿ ಕೇಳಿದೆ. ಬೇರೆ ಯಾರದೋ ಪ್ರೂಫಿನಿಂದ ತಲೆ ಎತ್ತಿ, "ನೀವು ಮುಲಾಜಿಗೆ ಕೇಳ್ತಿದ್ದೀರಿ ಅಣ್ಣಾ" ಅಂದ. ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಇಪ್ಪತ್ತು ವರ್ಷ ಓದದೇ ಬೆನ್ನು ತಟ್ಟಿದವನನ್ನು ಯಾಕೆ ನಂಬಬೇಕು? ಈಗ ಅವನು ಏನೂ ಬರೆಯುವುದಿಲ್ಲ. ಅಂಗಡಿಯ ಚೀಟಿಯನ್ನೂ ಹೆಂಡತಿಯೇ ಬರೆಯುತ್ತಾಳೆ.

ನೀವು ಅವನಿಗೆ ಯಾರೂ ಅಲ್ಲ. ನಿಮಗೆ ಅವನ ಮುಲಾಜಿಲ್ಲ. ಹಸ್ತಪ್ರತಿ ನನ್ನ ಮನೆಯ ಬೆಂಚಿನ ಮೇಲಿದೆ. ಅಯ್ಯೋ ಪಾಪ ಅನ್ನುವುದನ್ನು ಬಿಟ್ಟು ಬನ್ನಿ, ಕೂತು ಓದಿ, ನೆಟ್ಟಗೆ ಅವನ ಬಾಗಿಲಿಗೆ ಹೋಗಿ ಕೊಂದವರು ಯಾರು ಅಂತ ಕೇಳಿ. ಯಾವತ್ತು ಬರುತ್ತೀರಿ?